ತೋಟಾ ಆರಿಸೋ ಮುಂಚೆ ನಿಮ್ಮ ಭುಜವನ್ನ ಒಂದು ಮಾತು ಕೇಳಿ

ದೂರದ ಬೇಟೆಗೆ ಕೋವಿಗೆ ಯಾವ ತೋಟಾ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ಸಾಕು, ಜಗಳ ಶುರು. ಒಬ್ಬ 6.5 ಕ್ರೀಡ್‌ಮೋರ್ (ಭುಜಕ್ಕೆ ಒದೆತ ಕಮ್ಮಿ ಇರುವ ತೋಟಾ) ಅಂತಾನೆ. ಇನ್ನೊಬ್ಬ ಅದು ಮಕ್ಕಳಾಟ, 300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್, ಜಾಸ್ತಿ ಮದ್ದಿನ ಭಾರಿ ತೋಟಾ) ಇಲ್ಲದಿದ್ದರೆ ಮನೆಯಲ್ಲೇ ಇರು ಅಂತಾನೆ. ನಾನು ಹಲವು ವರ್ಷ ಈ ಎರಡನೆಯವನ ಜೊತೆಗೇ ನಿಂತಿದ್ದೆ.

ಆಮೇಲೆ ಒಂದು ದಿನ ಗೆಳೆಯನೊಬ್ಬ ನನ್ನ ಮ್ಯಾಗ್ನಮ್ ಕೋವಿ ಇಸ್ಕೊಂಡ. ನನಗೆ ಕಾಣದ ಹಾಗೆ ತೋಟಾ ತುಂಬಿ ಕೊಡುತ್ತಿದ್ದ, ನಡುವೆ ಅಲ್ಲೊಂದು ಇಲ್ಲೊಂದು ಮದ್ದಿಲ್ಲದ ಡಮ್ಮಿ ಸೇರಿಸುತ್ತಿದ್ದ. ಮೂರನೇ ಸಲ ಟ್ರಿಗರ್ ಒತ್ತಿದೆ. ಬರೀ 'ಟಿಕ್' ಅಂತು. ಆದರೆ ಗುಂಡೇ ಹಾರದಿದ್ದರೂ ನಳಿಗೆಯ ತುದಿ ದಡಕ್ಕನೆ ಕೆಳಗೆ ಕುಸಿದಿತ್ತು, ನನ್ನ ಕಣ್ಣು ಮುಚ್ಚಿತ್ತು, ಹಲ್ಲು ಕಚ್ಚಿಕೊಂಡಿದ್ದೆ. "ಯಾಕೋ, ಕೋವಿ ನಿನ್ನ ಕಚ್ಚುತ್ತಾ?" ಅಂತ ಕೇಳಿದ. ಅಷ್ಟು ವರ್ಷ ಸ್ಕೋಪ್ ಸರಿ ಇಲ್ಲ, ಗಾಳಿ ಸರಿ ಇಲ್ಲ ಅಂತ ಹೇಳಿಕೊಂಡು ತಿರುಗಿದ್ದೆಲ್ಲ ಸುಮ್ನೆ ನೆಪ, ಒದೆತಕ್ಕೆ ಹೆದರಿ ನಾನೇ ಬೆಚ್ಚುತ್ತಿದ್ದೆ ಅಂತ ಆವತ್ತು ಗೊತ್ತಾಯಿತು.

ಈಗ ಲೆಕ್ಕ ನೋಡಿ. 6.5 ಕ್ರೀಡ್‌ಮೋರ್‌ನಲ್ಲಿ 143 ಗ್ರೇನ್ (ಗುಂಡು ತೂಗುವ ಚಿಕ್ಕ ಅಳತೆ) ತೂಕದ, ಗಾಳಿ ಚೆನ್ನಾಗಿ ಸೀಳುವ ಗುಂಡು ಸೆಕೆಂಡಿಗೆ 2700 ಅಡಿ ವೇಗದಲ್ಲಿ ಹೊರಡುತ್ತದೆ. 300 ವಿನ್ ಮ್ಯಾಗ್‌ನಲ್ಲಿ ಅದೇ ತರಹದ 200 ಗ್ರೇನ್ ಗುಂಡು 2850 ಅಡಿಯಲ್ಲಿ. 500 ಗಜ ತಲುಪುವ ಹೊತ್ತಿಗೆ ಮೊದಲನೆಯದರ ವೇಗ ಸುಮಾರು 2030 ಅಡಿಗೆ ಇಳಿದಿರುತ್ತೆ, ಎರಡನೆಯದರದ್ದು ಸುಮಾರು 2100ಕ್ಕೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಇದ್ದರೆ ಎರಡೂ ಹೆಚ್ಚುಕಮ್ಮಿ 15 ಇಂಚು ಪಕ್ಕಕ್ಕೆ ಹೋಗುತ್ತವೆ. ಹೌದು, ಎರಡೂ! ಹಳೆಯ 308 ವಿಂಚೆಸ್ಟರ್ ಆದರೆ 18-19 ಇಂಚು. ಮ್ಯಾಗ್ನಮ್ ನಿಮಗೆ ಕೊಡುವುದು ತೂಕ ಮತ್ತು ಏಟು. ಅದಕ್ಕೆ ಭುಜ ತೆರುವ ಬೆಲೆ ಸುಮಾರು ಎರಡು ಪಟ್ಟು ಒದೆತ.

ಎಲ್ಕ್, ಮೂಸ್ ತರಹದ ದೊಡ್ಡ ಪ್ರಾಣಿಗೆ ಆ ತೂಕ ಬೇಕು, ಅದನ್ನ ನಾನು ಅಲ್ಲಗಳೆಯಲ್ಲ. ಜಿಂಕೆಗೆ ಯಾಕೆ?

ಗುಂಡು ಎಷ್ಟು ಕೆಳಗೆ ಬೀಳುತ್ತೆ ಅನ್ನೋದರ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಲೇಸರ್ ರೇಂಜ್‌ಫೈಂಡರ್ ಬಂದ ಮೇಲೆ ಅದು ಬರೀ ಲೆಕ್ಕ. ದೂರ ಅಳೆದು ಸ್ಕೋಪ್‌ನ ಗುಂಡಿ ತಿರುಗಿಸಿದರೆ ಆಯಿತು. ಗಾಳಿ ಹಾಗಲ್ಲ. ನಿಮ್ಮ ಕೆನ್ನೆಗೆ ತಾಗುವ ಗಾಳಿ ಬೇರೆ, ನಡುವಿನ ಕಣಿವೆಯ ಗಾಳಿ ಬೇರೆ, ಪ್ರಾಣಿ ನಿಂತ ಕಡೆ ಹುಲ್ಲು ಇನ್ನೊಂದೇ ದಿಕ್ಕಿಗೆ ಬಾಗಿರುತ್ತೆ. ಗಾಳಿಯ ವೇಗವನ್ನ ಗಂಟೆಗೆ 5 ಮೈಲಿಯಷ್ಟು ತಪ್ಪಾಗಿ ಅಂದಾಜು ಮಾಡಿದರೂ 500 ಗಜದಲ್ಲಿ ಏಳೂವರೆ ಇಂಚು ಆಚೀಚೆ. ಜಿಂಕೆಯ ಹೃದಯ-ಶ್ವಾಸಕೋಶದ ಜಾಗ ಅಗಲದಲ್ಲಿ ಇರೋದೇ 8-10 ಇಂಚು. ಅಂದರೆ ನಡುವಿಗೆ ಗುರಿ ಇಟ್ಟರೂ ಏಟು ಹೊಟ್ಟೆಗೆ ಬೀಳಬಹುದು. ಮೇಲಾಗಿ ಗುಂಡು ಅಲ್ಲಿಗೆ ಹೋಗಲು ಅರ್ಧ ಸೆಕೆಂಡಿಗೂ ಜಾಸ್ತಿ ಹಿಡಿಯುತ್ತೆ, ಅಷ್ಟರಲ್ಲಿ ಮೇಯುತ್ತಿರುವ ಪ್ರಾಣಿ ಆರಾಮಾಗಿ ಒಂದು ಹೆಜ್ಜೆ ಇಡಬಹುದು. ಅದಕ್ಕೆ ಯಾವ ತೋಟಾದಲ್ಲೂ ಮದ್ದಿಲ್ಲ.

ಇನ್ನೊಂದು ವಿಷಯ, ತಾಗುವಾಗಿನ ವೇಗ. ಬೇಟೆಯ ಗುಂಡು ಒಳಗೆ ಹೋಗಿ ಅರಳಬೇಕು. ಸಾಮಾನ್ಯವಾಗಿ ವೇಗ ಸೆಕೆಂಡಿಗೆ 1800 ಅಡಿಗಿಂತ ಕೆಳಗಿಳಿದರೆ ತುಂಬಾ ಗುಂಡುಗಳು ಸರಿಯಾಗಿ ಅರಳುವುದಿಲ್ಲ, ಸೂಜಿ ತರಹ ತೂರಿ ಹೋಗುತ್ತವೆ. ಪೂರ್ತಿ ತಾಮ್ರದ ಗುಂಡಾದರೆ ಇನ್ನೂ ವೇಗ ಬೇಕು. ಹಾಗಾಗಿ ಡಬ್ಬಿ ಮೇಲಿನ ಹೆಸರು ನೋಡಬೇಡಿ, ಆ ಗುಂಡು ಎಷ್ಟು ಗಜಕ್ಕೆ ಆ ವೇಗ ಕಳೆದುಕೊಳ್ಳುತ್ತೆ ನೋಡಿ. ನಿಮ್ಮ ಮಿತಿ ಅದಕ್ಕಿಂತ ಈಚೆಗೇ.

ಹೊಸ ತೋಟಾ ಬಂದಾಗಲೆಲ್ಲ ಹಳೆಯದು ಕೆಲಸಕ್ಕೆ ಬಾರದು ಅಂತ ಮಾತಾಡೋದು ನನಗೆ ನಗು ತರಿಸುತ್ತೆ. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ಬಂದಿದ್ದು 1962ರಲ್ಲಿ, 7 ಎಂಎಂ ಪಿಆರ್‌ಸಿ 2022ರಲ್ಲಿ. ಗುಂಡಿನ ದಪ್ಪ ಒಂದೇ. ಹೊಸದರಲ್ಲಿ ನಳಿಗೆಯ ಒಳಗೆ ಗುಂಡನ್ನ ತಿರುಗಿಸುವ ಸುರುಳಿ ಗೆರೆ ಬಿಗಿಯಾಗಿದೆ, ಉದ್ದ ಗುಂಡಿಗೆ ಜಾಗ ಮಾಡಿದ್ದಾರೆ. ಹೊಸದಾಗಿ ಕೊಳ್ಳೋರಿಗೆ ಒಳ್ಳೆಯದೇ. ಹಳೆಯದು ಇರೋರು ಮಾರೋಕೆ ಓಡಬೇಕಿಲ್ಲ.

ನಾನೀಗ ಜಿಂಕೆಗೆ 6.5 ಹಿಡಿದಿದ್ದೇನೆ. ಗಾಳಿ ಇಲ್ಲದ ದಿನ 400 ಗಜ, ಗಾಳಿ ಇದ್ದರೆ 250, ಅದರಾಚೆ ಇದ್ದರೆ ತೆವಳಿಕೊಂಡು ಹತ್ತಿರ ಹೋಗುತ್ತೇನೆ. "ಇದನ್ನ ದೂರದ ಬೇಟೆ ಅಂತಾರಾ?" ಅಂತ ಒಬ್ಬರು ಕೇಳಿದರು. ಅನ್ನದಿದ್ದರೆ ಬೇಡ ಬಿಡಿ.

ಆ ಮ್ಯಾಗ್ನಮ್ ಮಾರಿಲ್ಲ. ನಳಿಗೆಯ ಬಾಯಿಗೆ ಬ್ರೇಕ್ (ಮದ್ದಿನ ಗಾಳಿಯನ್ನ ಪಕ್ಕಕ್ಕೆ ತಳ್ಳುವ ತುಂಡು) ಹಾಕಿಸಿದ್ದೇನೆ, ಒದೆತ ಕಮ್ಮಿ ಆಗಿದೆ, ಸದ್ದು ಮಾತ್ರ ಕಿವಿ ಹರಿಯೋ ಹಾಗಿದೆ. ಹೋದ ವಾರ ಗೆಳೆಯ ಮತ್ತೆ ಡಮ್ಮಿ ಸೇರಿಸಿ ಕೊಟ್ಟ. ಐದು ಡಮ್ಮಿಯಲ್ಲಿ ನಾಲ್ಕು ಸಲ ನಳಿಗೆ ಅಲುಗಲಿಲ್ಲ. ಐದನೆಯದಕ್ಕೆ ಮತ್ತೆ ದಡಕ್ಕನೆ ಕುಸಿಯಿತು.