ಲಾರಿಯ ಪವರ್ ಹ್ಯಾಂಡಲ್ ಮತ್ತು ಚಾಲಕನ ಭುಜ

ಕಬ್ಬಿನ ಹಂಗಾಮು ಹತ್ತಿರ ಬಂದಂತೆ ಜಮಖಂಡಿ, ಮುಧೋಳ, ರಬಕವಿ ಕಡೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಒಂದು ಸಣ್ಣ ವಸ್ತುವನ್ನು ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ಸ್ಟೀರಿಂಗ್ ಚಕ್ರದ ಅಂಚಿಗೆ ಕ್ಲಾಂಪಿನಿಂದ ಬಿಗಿದು, ಒಂದೇ ಕೈಯಿಂದ ಚಕ್ರವನ್ನು ಗರಗರನೆ ತಿರುಗಿಸಲು ಬಳಸುವ ಗುಂಡನೆಯ ಹಿಡಿಕೆ ಅದು. ಪವರ್ ಹ್ಯಾಂಡಲ್ ಎಂದರೆ ಎಲ್ಲರಿಗೂ ಗೊತ್ತು. ಲಾರಿ, ಟ್ರ್ಯಾಕ್ಟರ್‌ಗಳ ಸ್ಟೀರಿಂಗ್ ಬಾಕ್ಸ್ ದುರಸ್ತಿಯೇ ನನ್ನ ಕಸುಬಾಗಿರುವುದರಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಲೋಡ್ ಹೊತ್ತು ಹೆದ್ದಾರಿಯಲ್ಲಿ ಓಡುವ ಲಾರಿಗೆ ಈ ಹಿಡಿಕೆ ಬೇಡ, ಮತ್ತು ಅದು ಬೇಕೇ ಬೇಕು ಎನ್ನಿಸುವ ಲಾರಿಯಲ್ಲಿ ಮೊದಲು ರಿಪೇರಿಯಾಗಬೇಕಾದದ್ದು ಸ್ಟೀರಿಂಗ್.

ಚಾಲಕರು ಇದನ್ನು ಶೋಕಿಗಾಗಿ ಹಾಕಿಸುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೊಲದ ಕಿರಿದಾದ ದಾರಿಯಲ್ಲಿ ಲಾರಿಯನ್ನು ಹಿಂದೆ ಮುಂದೆ ಮಾಡಿ ತಿರುಗಿಸಿಕೊಳ್ಳುವುದು, ಕಾರ್ಖಾನೆಯ ಯಾರ್ಡಿನಲ್ಲಿ ರಾತ್ರಿಯಿಡೀ ಸರದಿಯಲ್ಲಿ ಇಂಚಿಂಚೇ ಮುಂದೆ ಸರಿಯುವುದು, ತೂಕದ ಕಾಟಾದ ಮೇಲೆ ಗಾಡಿಯನ್ನು ನೇರವಾಗಿ ನಿಲ್ಲಿಸುವುದು, ಇವೆಲ್ಲವೂ ಭುಜವನ್ನು ಹಿಂಡುವ ಕೆಲಸಗಳು. ಗಾಲಿಗಳು ಉರುಳದೆ ನಿಂತಲ್ಲೇ ಹೊರಳುವಾಗ ಸ್ಟೀರಿಂಗ್ ಅತ್ಯಂತ ಭಾರವಾಗಿರುತ್ತದೆ. "ಮಿಸ್ತ್ರಿ, ಇದು ಇಲ್ಲಂದ್ರ ಸಂಜಿಗೆ ಕೈ ಎತ್ತಾಕ ಬರೂದಿಲ್ಲ್ರಿ" ಎಂದು ಒಬ್ಬ ಹಿರಿಯ ಚಾಲಕರು ಹೇಳಿದಾಗ ನಾನು ವಾದ ಮಾಡಲಿಲ್ಲ, ಏಕೆಂದರೆ ಅವರ ನೋವು ನಿಜವಾದದ್ದು.

ಆದರೆ ಯಾರ್ಡ್ ಬಿಟ್ಟು ಹೆದ್ದಾರಿಗೆ ಬಂದಾಗ ಅದೇ ಹಿಡಿಕೆಯ ಗುಣ ಬದಲಾಗುತ್ತದೆ. ತಿರುವು ಮುಗಿದ ಮೇಲೆ ಮುಂದಿನ ಗಾಲಿಗಳು ತಾವಾಗಿಯೇ ನೇರವಾಗಲು ಎಳೆಯುತ್ತವೆ, ಸ್ಟೀರಿಂಗ್ ಚಕ್ರ ಅಂಗೈಗಳ ನಡುವೆ ಜಾರುತ್ತ ಹಿಂದಿರುಗುತ್ತದೆ. ಬರಿಯ ಚಕ್ರವಾದರೆ ಅದು ಸಲೀಸಾಗಿ ಜಾರಿ ಹೋಗುತ್ತದೆ. ಹಿಡಿಕೆ ಇದ್ದರೆ ಅದು ಹೆಬ್ಬೆರಳಿಗೋ ಮಣಿಕಟ್ಟಿಗೋ ಬಡಿಯುತ್ತದೆ, ಇಲ್ಲವೇ ತೋಳಿನ ಮಡಿಕೆಗೆ, ಹೆಗಲ ಟವೆಲ್ಲಿನ ತುದಿಗೆ ಸಿಕ್ಕಿಕೊಂಡು ಚಕ್ರವನ್ನೇ ತಡೆಯುತ್ತದೆ. ಇನ್ನು ಮುಂದಿನ ಟೈರು ಸಿಡಿದರೆ ಲಾರಿ ಒಂದು ಕಡೆಗೆ ಬಲವಾಗಿ ಎಳೆಯುತ್ತದೆ, ಆಗ ಚಕ್ರದ ಎರಡು ಬದಿಗಳಲ್ಲಿ ಎರಡು ಕೈಗಳು ಗಟ್ಟಿಯಾಗಿರಬೇಕು. ಇಂಜಿನ್ ಬಂದಾಗಿಯೋ ಪವರ್ ಸ್ಟೀರಿಂಗಿನ ಆಯಿಲ್ ಪೈಪು ಒಡೆದೋ, ಚಕ್ರವನ್ನು ಹಗುರ ಮಾಡುವ ಆಯಿಲ್ ಒತ್ತಡದ ನೆರವು ನಿಂತುಹೋದಾಗಲೂ ಅಷ್ಟೇ. ಅಂಥ ಭಾರವನ್ನು ಒಂದೇ ಕೈಯಲ್ಲಿ ಎಳೆಯುವುದು ಆಗದ ಮಾತು. ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಕೊಲ್ಹಾರದ ಬಳಿ ಕೃಷ್ಣೆಯ ಉದ್ದನೆಯ ಸೇತುವೆಯ ಮೇಲೆ ಹೀಗಾದರೆ ಪಕ್ಕಕ್ಕೆ ಸರಿಯಲು ಜಾಗವೂ ಇರುವುದಿಲ್ಲ. ಕ್ಲಾಂಪಿನ ಸ್ಕ್ರೂಗಳು ಲಾರಿಯ ಅದುರುವಿಕೆಗೆ ಸಡಿಲವಾಗಿ, ತಿರುವಿನ ನಡುವೆಯೇ ಹಿಡಿಕೆ ಜಾರುವುದು ಇದರ ಜೊತೆಗಿನ ಅಪಾಯ.

ಫೋರ್ಕ್‌ಲಿಫ್ಟ್‌ಗೆ ಇಂಥ ಹಿಡಿಕೆ ಒಪ್ಪುತ್ತದೆ, ಏಕೆಂದರೆ ಅದರ ವೇಗ ಕಡಿಮೆ, ಚಾಲಕನ ಇನ್ನೊಂದು ಕೈ ಹೈಡ್ರಾಲಿಕ್ ಲಿವರ್ ಮೇಲಿರಲೇಬೇಕು. ಒಂದು ಕೈಯ ಬಲ ಇಲ್ಲದವರಿಗಾಗಿ ಅಧಿಕಾರಿಗಳ ಒಪ್ಪಿಗೆಯಿಂದ ಮಾರ್ಪಡಿಸಿದ ವಾಹನಗಳಲ್ಲಿ ಅದು ಅತ್ಯಗತ್ಯವಾದ ಸಾಧನ. ಗೇರ್ ಹಾಕಲು ಒಂದು ಕೈ ಬೇಕಲ್ಲ ಎಂದು ಲಾರಿಯವರು ಕೇಳುವುದುಂಟು. ಗೇರ್ ಬದಲಾಗಬೇಕಾದದ್ದು ತಿರುವಿಗೆ ಮೊದಲು. ಅಮೆರಿಕದಲ್ಲಿ ಈ ಹಿಡಿಕೆ ಬಹಳ ಪ್ರಚಲಿತವಾಗಿದ್ದದ್ದು ಪವರ್ ಸ್ಟೀರಿಂಗ್ ಇಲ್ಲದ ಕಾಲದಲ್ಲಿ. 1951ರಲ್ಲಿ ಕ್ರೈಸ್ಲರ್ ಕಂಪನಿ ಮಾರಾಟದ ಕಾರಿಗೆ ಪವರ್ ಸ್ಟೀರಿಂಗ್ ಕೊಟ್ಟ ನಂತರ ಆ ಸೌಲಭ್ಯ ಕ್ರಮೇಣ ಎಲ್ಲೆಡೆ ಹರಡಿತು. ಪವರ್ ಸ್ಟೀರಿಂಗ್ ಇರುವ ಲಾರಿಯ ಚಾಲಕನಿಗೆ ಇಂದಿಗೂ ಆ ಹಳೆಯ ಹಿಡಿಕೆ ಏಕೆ ಬೇಕಾಗುತ್ತದೆ ಎಂಬುದನ್ನು ಮಾಲೀಕರು ಯೋಚಿಸಬೇಕು.

ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದಾಗ ಉತ್ತರ ಸಿಗುತ್ತದೆ. ಮುಂದಿನ ಗಾಲಿ ಹೊರಳುವ ಕೀಲಾದ ಕಿಂಗ್ ಪಿನ್ ಗ್ರೀಸ್ ಕಾಣದೆ ಒಣಗಿರುತ್ತದೆ, ಪವರ್ ಆಯಿಲ್ ಕಪ್ಪಾಗಿ ಫಿಲ್ಟರ್ ಕಟ್ಟಿಕೊಂಡಿರುತ್ತದೆ, ಸ್ಟೀರಿಂಗ್ ಬಾಕ್ಸಿನ ಸೀಲ್ ಸೋರುತ್ತಿರುತ್ತದೆ, ಮುಂದಿನ ಟೈರುಗಳಲ್ಲಿ ಗಾಳಿ ಕಡಿಮೆ ಇರುತ್ತದೆ. ಇದರ ಮೇಲೆ ಮಿತಿಮೀರಿದ ಲೋಡ್ ಬೇರೆ. ಇವುಗಳಲ್ಲಿ ಹೆಚ್ಚಿನವು ಒಂದು ದಿನದ ಕೆಲಸ, ಆದರೆ ಹಂಗಾಮಿನಲ್ಲಿ ಒಂದು ದಿನ ಗಾಡಿ ನಿಲ್ಲಿಸಲು ಒಪ್ಪದ ಮಾಲೀಕರು ಕೆಲವು ನೂರು ರೂಪಾಯಿಯ ಹಿಡಿಕೆ ಕೊಡಿಸಿ ಚಾಲಕನ ಬಾಯಿ ಮುಚ್ಚಿಸುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ಗಾಡಿಯ ದೋಷದ ಭಾರವನ್ನು ದುಡಿಯುವ ಮನುಷ್ಯನ ಭುಜಕ್ಕೆ ವರ್ಗಾಯಿಸುವುದು ಅನ್ಯಾಯ.

ಸ್ಟೀರಿಂಗ್ ಸುಸ್ಥಿತಿಯಲ್ಲಿರಬೇಕು, ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚು ಪ್ಲೇ, ಅಂದರೆ ಗಾಲಿ ಅಲುಗದ ಖಾಲಿ ತಿರುಗಾಟ, ಇರಬಾರದು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಹೇಳುತ್ತದೆ. ಒಂದೂವರೆ ಅಡಿ ಅಗಲದ ಚಕ್ರದ ಅಂಚಿನಲ್ಲಿ ಅದು ಐದು ಇಂಚಿಗೂ ತುಸು ಕಡಿಮೆ. ಚಾಲಕರು ಇದನ್ನು ತಾವೇ ನೋಡಿಕೊಳ್ಳಬಹುದು: ಗಾಲಿಗಳನ್ನು ನೇರವಾಗಿಟ್ಟು, ಇಂಜಿನ್ ಚಾಲೂ ಮಾಡಿ, ಗಾಲಿ ಅಲುಗುವವರೆಗೆ ಚಕ್ರ ಎಷ್ಟು ಖಾಲಿ ತಿರುಗುತ್ತದೆ ಎಂದು ಎರಡೂ ಕಡೆಗೆ ಅಳೆದರೆ ಸಾಕು. ಎಂಟು ವರ್ಷ ದಾಟಿದ ಲಾರಿ ಪ್ರತಿ ವರ್ಷ ಫಿಟ್‌ನೆಸ್ ತಪಾಸಣೆಗೆ ಹೋಗಲೇಬೇಕು. ಅಲ್ಲಿ ಪವರ್ ಹ್ಯಾಂಡಲ್ ಕಂಡ ಕೂಡಲೇ ಅದನ್ನು ಬಿಚ್ಚಿಸಿ ಕಳಿಸಿಬಿಡುವ ಬದಲು, ಇನ್‌ಸ್ಪೆಕ್ಟರರು ತಾವೇ ಸೀಟಿನಲ್ಲಿ ಕುಳಿತು ಆ ಚಕ್ರವನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಲಿ, ಭಾರವೆನಿಸಿದರೆ ಸ್ಟೀರಿಂಗ್ ದುರಸ್ತಿಯಾಗುವವರೆಗೆ ಸರ್ಟಿಫಿಕೇಟ್ ಕೊಡದಿರಲಿ.