ಹನ್ನೆರಡು ಗೇಣಿನ ಪೋರ್ಟಿಕೊ

ಇವತ್ತು ಬೆಳಿಗ್ಗೆಯೂ ಎಡಗಡೆ ಬಾಗಿಲಿನಿಂದಲೇ ಕಾರು ಹತ್ತಿದೆ. ಪಕ್ಕದ ಸೀಟಿನ ಮೇಲೆ ಮೊಣಕಾಲೂರಿ, ಹ್ಯಾಂಡ್‌ಬ್ರೇಕ್ ದಾಟಿ, ಗೇರಿನ ಗುಂಡಿಗೆ ಪ್ಯಾಂಟಿನ ಜೇಬು ಸಿಕ್ಕಿಸಿಕೊಂಡು, ಅಂತೂ ಸ್ಟಿಯರಿಂಗ್ ಹಿಂದೆ ಬಂದು ಕೂತೆ. ಕೂತ ಮೇಲೆ ನೆನಪಾಯಿತು, ಕನ್ನಡಕ ಟಿವಿ ಪಕ್ಕದಲ್ಲಿದೆ. ಬಂದ ದಾರಿಯಲ್ಲೇ ವಾಪಸ್. ಗೇಟಿನಾಚೆ ಹಾಲಿನ ಹುಡುಗ ನಿಂತು ನೋಡುತ್ತಿದ್ದ. ಮೂರು ದಿನದಿಂದ ನೋಡುತ್ತಿದ್ದಾನೆ. ಏನಾದರೂ ಕೇಳಿದ್ದರೆ ಉತ್ತರ ಹೇಳಬಹುದಿತ್ತು. ಕೇಳುವುದಿಲ್ಲ, ಸುಮ್ನೆ ನೋಡುತ್ತಾನೆ.

ಇದಕ್ಕೆಲ್ಲ ಕಾರಣ ನಮ್ಮ ಪೋರ್ಟಿಕೊದ ಬಲಗೋಡೆಗೆ ಒರಗಿ ನಿಂತಿರುವ ಕೆಂಪು ಟೂಲ್ ಟ್ರಾಲಿ. ಏಳು ಡ್ರಾಯರ್, ನಾಲ್ಕು ಚಕ್ರ, 42 ಇಂಚು ಅಗಲ.

ಬೇಕಿತ್ತಾ ಅಂದರೆ, ಬೇಕಿತ್ತು. ನಮ್ಮ ಮನೆಯಲ್ಲಿ 12-13ರ ಪಾನಾ ಫ್ರಿಜ್ ಮೇಲಿರುತ್ತದೆ. ಟೆಸ್ಟರ್ ಮಗಳ ಪೆನ್ಸಿಲ್ ಡಬ್ಬಿಯಲ್ಲಿ. ಸ್ಟವ್ ಗುಂಡಿ ಮುರಿದ ದಿನದಿಂದ ಕಟಿಂಗ್ ಪ್ಲೇಯರ್ ಅಡುಗೆಮನೆಯ ಆಸ್ತಿ. ಸುತ್ತಿಗೆ ಯುಗಾದಿಗೆ ಕಾಯಿ ಒಡೆಯಲು ಹೋಗಿದ್ದು ಇನ್ನೂ ಬಂದಿಲ್ಲ. ನಿಮ್ಮನೆಯಲ್ಲೂ ಹೀಗೇ ಅಲ್ವಾ? ಎಲ್ಲವನ್ನೂ ಒಂದು ಕಡೆ ಸೇರಿಸೋಣ ಅಂತ ಹೊರಟೆ. ಎಷ್ಟು ದೊಡ್ಡದು ತರಬೇಕು ಅಂತ ತಿಳಿಯಲು ಪೋರ್ಟಿಕೊ ಅಳೆಯಬೇಕು. ಅಳೆಯಲು ಟೇಪು ಬೇಕು. ಟೇಪು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಪೆಟ್ಟಿಗೆ ತರಲು ಟೇಪು ಬೇಕು, ಟೇಪು ಸಿಗಲು ಪೆಟ್ಟಿಗೆ ಬೇಕು.

ಆಗ ಬಂದರು ನಮ್ಮ ಮಾವನವರು.

ಮಾವನವರು ಮೂವತ್ತು ವರ್ಷ ಹತ್ತಿ ಮಂಡಿಯಲ್ಲಿ ವ್ಯವಹಾರ ಮಾಡಿದವರು. ಅವರಿಗೆ ಅಳತೆ ಅಂದರೆ ಗೇಣು, ಉಳಿದಿದ್ದು ಬೆರಳು. "ಟೇಪು ಯಾಕ್ರೀ ಅಳಿಯಂದ್ರೇ, ಕೈ ಐತಲ್ಲ" ಅನ್ನುತ್ತಾರೆ. ನಮ್ಮ ಮದುವೆ ಚಪ್ಪರ ಅಳೆದಿದ್ದು ಅದೇ ಗೇಣಿನಲ್ಲಿ, ಹಾಗಾಗಿ ಕೊನೆಯ ಎರಡು ಸಾಲು ಬಿಸಿಲಲ್ಲಿ ಕೂತು ಉಂಡವು. ಟಿವಿ ಅಂಗಡಿಯಲ್ಲಿ ಹುಡುಗ 43 ಇಂಚು ಅಂದರೆ, ಇವರು ಪರದೆಯ ಮೂಲೆಯಿಂದ ಮೂಲೆಗೆ ಕೈ ಹಾಯಿಸಿ "ಎರಡು ಬೆರಳು ಕಡಿಮಿ ಐತಿ" ಅಂದು ಅವನ ಬಾಯಿ ಒಣಗಿಸಿದ್ದರು. ಬೆಣ್ಣೆ ದೋಸೆ ಬಂದರೆ ಮೊದಲು ತಿನ್ನುವುದಿಲ್ಲ. ಬೆಣ್ಣೆ ಕರಗುತ್ತಿರುವ ದೋಸೆಯ ಮೇಲೆ, ತಾಕದ ಹಾಗೆ ಅಂಗೈ ಹರಡಿ ಹಿಡಿಯುತ್ತಾರೆ. "ಮೊದ್ಲು ಒಂದೂವರೆ ಗೇಣು ಬರ್ತಿತ್ತು. ಈಗ ನೋಡ್ರಿ, ಒಂದು ಗೇಣು ನಾಕು ಬೆರಳು." ಪಕ್ಕದ ಟೇಬಲ್ಲಿನವರು ಆಶೀರ್ವಾದ ಅಂದುಕೊಳ್ಳುತ್ತಾರೆ.

ಪೋರ್ಟಿಕೊ ಅಳೆಯುವಾಗಲೂ ಅದೇ ಶ್ರದ್ಧೆ. ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಕೂತು, ಹೆಬ್ಬೆರಳು ಕಿರುಬೆರಳು ಎಳೆದು ಎಳೆದು ಇಡುತ್ತ ಹೊರಟರು. ನಡುವೆ ಯಾರದೋ ಫೋನು ಬಂತು. ಎಡಗೈಯಲ್ಲಿ ಫೋನು, ಬಲಗೈ ನೆಲದ ಮೇಲೆ ಹಾಗೇ. ಹತ್ತು ನಿಮಿಷ ಮೆಕ್ಕೆಜೋಳದ ರೇಟು ಮಾತಾಡಿದರು. ಫೋನ್ ಇಟ್ಟ ಮೇಲೆ ಕೈ ನೋಡಿಕೊಂಡು, "ಏಳಾಗಿತ್ತೋ ಎಂಟಾಗಿತ್ತೋ... ಎಂಟೇ ಇಟ್ಕೊಳ್ರಿ" ಅಂದರು. ಒಟ್ಟು ಹನ್ನೆರಡು ಗೇಣು ಬಂತು. ಗೇಣಿಗೆ 9 ಇಂಚು, ಅಲ್ಲಿಗೆ 108 ಇಂಚು, ಅಂದರೆ 9 ಅಡಿ. ಮಾವನ ಕೈಯನ್ನು ಅನುಮಾನಿಸುವ ಅಳಿಯ ನಾನಲ್ಲ. ಬರೆದುಕೊಂಡೆ.

ಇನ್ನು ಪೆಟ್ಟಿಗೆಯ ಸೈಜು. ಅಂಗಡಿಯಲ್ಲಿ 27 ಇಂಚಿನದಿತ್ತು, 42ರದ್ದಿತ್ತು, ಪುಸ್ತಕದಲ್ಲಿ 56ರದ್ದು ತೋರಿಸಿದರು. ನನ್ನ ಹತ್ತಿರ ಇರುವ ಸಾಮಾನಿಗೆ 27 ಧಾರಾಳ. ಅದು ನನಗೂ ಗೊತ್ತಿತ್ತು. ಆದರೆ ಅಂಗಡಿಯವರು ಡ್ರಾಯರ್ ಎಳೆದು ತೋರಿಸಿದರು ನೋಡಿ, ಬೇರಿಂಗ್ ಮೇಲೆ ಬೆಣ್ಣೆ ಜಾರಿದ ಹಾಗೆ ಬಂತು. ಮೇಲಿನವು ಎರಡೇ ಇಂಚು ಆಳ, ಪಾನಾ, ಸ್ಕ್ರೂ ಡ್ರೈವರ್ ಸಾಲಾಗಿ ಮಲಗಿಸಲು. ಕೆಳಗಿನವು ಆಳ, ಡ್ರಿಲ್ ಮಿಷನ್ನು, ಸುತ್ತಿಗೆ ಹಾಕಲು. ಒಂದೊಂದು ಡ್ರಾಯರ್ 45 ಕೆಜಿ ತಡೆಯುತ್ತದಂತೆ. ಏಳಕ್ಕೆ 315 ಕೆಜಿ. ನನ್ನ ಸಾಮಾನೆಲ್ಲ ಸೇರಿಸಿ, ಮೇಲೆ ನನ್ನನ್ನೂ ಕೂರಿಸಿ ತೂಗಿದರೂ ಅದರ ಅರ್ಧ ಬರಲ್ಲ. "ಮುಂದೆ ಬೇಕಾಗತ್ತೆ" ಅಂದುಕೊಂಡೆ. ಮನುಷ್ಯ ಹಾಳಾಗುವುದು ಈ ಮಾತಿನಿಂದಲೇ. 42ರದ್ದು ತಂದೆ.

ಅಗಲದ ಬಗ್ಗೆ ಇಷ್ಟೆಲ್ಲ ಯೋಚಿಸಿದವನು ಗೋಡೆಯಿಂದ ಮುಂದಕ್ಕೆ ಎಷ್ಟು ಚಾಚುತ್ತದೆ ಅಂತ ಯೋಚಿಸಲಿಲ್ಲ. ಅದು 18 ಇಂಚು. ಡ್ರಾಯರ್ ಪೂರ್ತಿ ಎಳೆದರೆ ಇನ್ನೂ ಸುಮಾರು ಅಷ್ಟೇ. ಎಳೆದವನು ನಿಲ್ಲಲು ಎರಡಡಿ. ಲೆಕ್ಕ ಹಾಕಿದರೆ ಗೋಡೆಯಿಂದ ಐದು ಅಡಿ ಖಾಲಿ ಇರಬೇಕು. ನನ್ನ ಕಾರಿನ ಅಗಲವೂ ಸುಮಾರು ಐದು ಅಡಿ. ಪೆಟ್ಟಿಗೆ ತೆರೆಯುವುದಕ್ಕೆ ಇನ್ನೊಂದು ಕಾರಿನಷ್ಟು ಜಾಗ ಬೇಕು ಅಂತ ನನಗೆ ಯಾರೂ ಹೇಳಲಿಲ್ಲ.

ಗೂಡ್ಸ್ ಆಟೊದಿಂದ ನಾಲ್ಕು ಜನ ಇಳಿಸಿ, ಮೊದಲು ಪೋರ್ಟಿಕೊದ ಹಿಂದಿನ ಗೋಡೆಗೆ, ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿದರು. ದೇವರ ಫೋಟೊ ಇಟ್ಟಷ್ಟು ಚೆನ್ನಾಗಿ ಕಂಡಿತು. ಮಾವನವರು ಬೆತ್ತದ ಕುರ್ಚಿ ಹಾಕಿಸಿಕೊಂಡು, ಮಂಡಕ್ಕಿ ಮಿರ್ಚಿ ತಟ್ಟೆ ತೊಡೆ ಮೇಲಿಟ್ಟುಕೊಂಡು ಉಸ್ತುವಾರಿಗೆ ಕೂತರು. "ಭಾರದ್ದೆಲ್ಲ ಮ್ಯಾಲಿಡ್ರಿ, ಬಗ್ಗೋದು ತಪ್ಪತೈತಿ." ಭಾರದ್ದನ್ನು ಕೆಳಗಿಡಬೇಕು ಅಂತ ಪೆಟ್ಟಿಗೆಯ ಮೇಲೇ ಚೀಟಿ ಅಂಟಿಸಿದ್ದರು. ಚೀಟಿ ಮಾವನಲ್ಲವಲ್ಲ. ಮೇಲಿಟ್ಟೆ.

ಮನೆ ಕಟ್ಟಿದ ಮೇಸ್ತ್ರಿ ಮಳೆ ನೀರು ನಿಲ್ಲಬಾರದು ಅಂತ ಪೋರ್ಟಿಕೊಕ್ಕೆ ಗೇಟಿನ ಕಡೆ ಒಳ್ಳೆ ವಾಟ ಕೊಟ್ಟಿದ್ದ. ನೀರು ಹರಿಯುವ ವಾಟದಲ್ಲಿ ಬೇರಿಂಗ್ ಹಾಕಿದ ಡ್ರಾಯರ್ ಸುಮ್ಮನಿರುತ್ತದಾ? ಮೇಲಿನದು ತಾನಾಗಿಯೇ, ಯಾರೋ ಒಳಗಿಂದ ತಳ್ಳಿದ ಹಾಗೆ, ಹೊರಗೆ ಬಂತು. ಮುಚ್ಚಿದೆ. ಎರಡನೆಯದು ಬಂತು. ಅದನ್ನು ಮುಚ್ಚುವಾಗ ಮೊದಲನೆಯದು ಮತ್ತೆ. ಮೊಣಕೈ ಕೊಟ್ಟು ಅದನ್ನು ತಡೆದೆ, ಮೂರನೆಯದು ಹೊಟ್ಟೆಗೆ ಗುದ್ದಿತು. "ಬೀಗ ಹಾಕ್ರೀ" ಅಂದಳು ನಮ್ಮನೆಯವಳು ಒಳಗಿಂದ. ಬೀಗದ ಕೀ ಮೂರನೆಯದರೊಳಗೆ ಇತ್ತು. ಅದನ್ನು ಹುಡುಕಲು ಬಗ್ಗಿದೆ, ಮೊಣಕೈ ತಪ್ಪಿತು. ಮೂರೂ ಒಟ್ಟಿಗೆ ನಾಲಿಗೆ ಚಾಚಿದವು. ಭಾರವೆಲ್ಲ ಮುಂದಕ್ಕೆ. ಹಿಂದಿನ ಚಕ್ರ ಒಂದು ಬೆರಳು ಎದ್ದಿತು, ಮತ್ತೆ ಕೂತಿತು, ಆಮೇಲೆ ಇಡೀ ಪೆಟ್ಟಿಗೆ ಹೊರಟಿತು.

ಬ್ರೇಕ್ ಇತ್ತು. ಎರಡು ಚಕ್ರಕ್ಕೆ ಇತ್ತು. ನಾನು ಒತ್ತಿರಲಿಲ್ಲ.

ಜೋರಾಗಿ ಏನೂ ಹೋಗಲಿಲ್ಲ. ಜಾತ್ರೆಯ ತೇರಿನ ಹಾಗೆ, ಗಂಭೀರವಾಗಿ, ಒಳಗೆ ಪಾನಾಗಳನ್ನು ಗಲಗಲ ಅನ್ನಿಸುತ್ತ ಇಳಿಯಿತು. ನಾನು ಹಿಂದಿನಿಂದ ಹಿಡಿಕೆ ಹಿಡಿದು ಜೊತೆಗೇ ಹೋದೆ, ಎಳೆಯುತ್ತಿದ್ದೆನೋ ತಳ್ಳುತ್ತಿದ್ದೆನೋ ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ದಾರಿಯಲ್ಲಿ ಮಾವನವರ ಕುರ್ಚಿ. ಅವರು ಏಳಲಿಲ್ಲ. ತಟ್ಟೆ ಎತ್ತಿ ಹಿಡಿದು, ಎರಡೂ ಕಾಲು ಮೇಲೆತ್ತಿದರು. ಪೆಟ್ಟಿಗೆ ಕುರ್ಚಿಯ ಪಕ್ಕ ಸವರಿಕೊಂಡು ಹೋಗಿ ಗೇಟಿಗೆ ಢಣ್ ಅಂತ ಬಡಿದು ನಿಂತಿತು. ಒಂದು ಮಂಡಕ್ಕಿಯೂ ಚೆಲ್ಲಿರಲಿಲ್ಲ. ಕಾಲು ಇಳಿಸಿ, "ಎರಡು ಬೆರಳು ತಪ್ತು ನೋಡ್ರಿ" ಅಂದರು.

ಹಾಗಾಗಿ ಬಲಗೋಡೆಗೆ ಬಂತು. ಅಲ್ಲಿ ವಾಟ ಅಡ್ಡಕ್ಕೆ, ಡ್ರಾಯರ್ ಜಾರುವುದಿಲ್ಲ.

ಅವತ್ತು ರಾತ್ರಿ ಉಳಿದ ಸಾಮಾನು ತುಂಬೋಣ ಅಂತ ಅಟ್ಟದಿಂದ ಅಪ್ಪನ ಮರದ ಪೆಟ್ಟಿಗೆ ಇಳಿಸಿದೆ. ಅಪ್ಪ ಹತ್ತಿ ಮಿಲ್ಲಿನಲ್ಲಿ ಫಿಟರ್ ಆಗಿದ್ದರು, ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ. ಒಂದೂವರೆ ಅಡಿಯ ಪೆಟ್ಟಿಗೆ. ಹಳೆ ಟ್ಯೂಬಿನಿಂದ ಸೈಕಲ್ ಕ್ಯಾರಿಯರಿಗೆ ಬಿಗಿದುಕೊಂಡು ಹೋಗುತ್ತಿದ್ದರು. ಒಳಗೆ ಹತ್ತೋ ಹನ್ನೆರಡೋ ಸಾಮಾನು, ಒಂದೊಂದಕ್ಕೂ ಕೊರೆದ ಗುಳಿ. ಕರೆಂಟ್ ಹೋದಾಗ ಕತ್ತಲಲ್ಲೇ ಕೈ ಹಾಕಿ ಬೇಕಾದ ಪಾನಾ ತೆಗೆಯುತ್ತಿದ್ದರು. ಮುಚ್ಚಳ ತೆಗೆದರೆ ಇನ್ನೂ ಎಣ್ಣೆ ವಾಸನೆ. ಅದರಲ್ಲಿ ಟೇಪೂ ಇತ್ತು, ಅದರ ಗುಳಿಯಲ್ಲೇ. ಇಟ್ಟವನು ನಾನೇ ಇರಬೇಕು. ಆ ಪೆಟ್ಟಿಗೆ ಮುಂದೆ ಕೂತಾಗ ಮಾತ್ರ ನನಗೆ ಎಲ್ಲಿ ತೆಗೆದೆನೋ ಅಲ್ಲೇ ಇಡುವ ಬುದ್ಧಿ ಬರುತ್ತದೆ. ಸ್ವಲ್ಪ ಹೊತ್ತು ಕೂತಿದ್ದೆ. ಅದರ ಸಾಮಾನು ಹೊಸದಕ್ಕೆ ಹಾಕಲು ಮನಸ್ಸಾಗಲಿಲ್ಲ.

ಟೇಪು ಹಿಡಿದು ಪೋರ್ಟಿಕೊ ಅಳೆದೆ. 96 ಇಂಚು. ಎಂಟೇ ಅಡಿ. ಅಪ್ಪ ಈ ಮನೆ ಕಟ್ಟಿಸಿದ್ದು 1997ರಲ್ಲಿ, ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ. ಸೈಕಲ್ಲು, ಮುಂದೆಂದಾದರೂ ಮಗನ ಸ್ಕೂಟರು ನಿಲ್ಲಲಿ ಅಂತ ಕಟ್ಟಿಸಿದ್ದು. ಅವರ ಅಳತೆ ತಪ್ಪಿರಲಿಲ್ಲ. ಒಂದಡಿ ಎಲ್ಲಿ ಹೋಯಿತು, ಗೇಣು ಚಿಕ್ಕದೋ ಎಣಿಕೆ ದೊಡ್ಡದೋ, ಮಾವನವರನ್ನು ಕೇಳುವ ಧೈರ್ಯ ಇಲ್ಲ. ಕಾರು ಐದು ಅಡಿ, ಪೆಟ್ಟಿಗೆ ಒಂದೂವರೆ. ಉಳಿದ ಒಂದೂವರೆ ಅಡಿಯನ್ನು ಎಡಕ್ಕೇ ಬಿಡಬೇಕು, ಮನೆಯ ಮೆಟ್ಟಿಲಿರುವುದು ಅಲ್ಲಿ. ಬಲಗಡೆ ಬಾಗಿಲು ತೆರೆಯುವ ಮಾತೇ ಇಲ್ಲ.

ನಿನ್ನೆ ಸಂಜೆ ಮಿಕ್ಸಿಯ ಸ್ಕ್ರೂ ಸಡಿಲ ಆಗಿದೆ, ಸ್ಕ್ರೂ ಡ್ರೈವರ್ ಕೊಡಿ ಅಂದಳು ನಮ್ಮನೆಯವಳು. ಕನ್ನಡಕ ಹಾಕಿಕೊಂಡು, ಎಡಗಡೆಯಿಂದ ಹತ್ತಿ, ಕಾರು ರಸ್ತೆಗೆ ತೆಗೆದು, ಬೀಗ ತೆರೆದು, ಎರಡನೇ ಡ್ರಾಯರಿನಿಂದ ಹೊಳೆಯುವ ಸ್ಕ್ರೂ ಡ್ರೈವರ್ ತಂದೆ. ಅಷ್ಟರಲ್ಲಿ ಅವಳು ಚಾಕುವಿನ ತುದಿಯಲ್ಲೇ ಬಿಗಿ ಮಾಡಿ, ಚಟ್ನಿ ರುಬ್ಬಿ, ಜಾರ್ ತೊಳೆದಿಟ್ಟಿದ್ದಳು.

ವಿಷಯ ಮಾವನವರಿಗೂ ಮುಟ್ಟಿದೆ. ರಾತ್ರಿಯೇ ಫೋನ್ ಮಾಡಿದರು. "ಅಷ್ಟು ತ್ರಾಸು ಯಾಕ್ರೀ ಅಳಿಯಂದ್ರೇ, ಪೆಟ್ಟಿಗಿ ನಮ್ಮನಿಗೆ ಕಳ್ಸಿಬಿಡ್ರಿ. ನಮ್ಮ ಪೋರ್ಟಿಕೊ ಹದಿನಾರು ಗೇಣು ಐತಿ. ಈಗಷ್ಟೇ ಅಳ್ದು ಬಂದೆ."