ಲೈಕ್ ಎಣಿಸುವುದಕ್ಕೆ ತೀರ್ಪುಗಾರರು ಯಾಕೆ?

ಮೊದಲೇ ಹೇಳಿಬಿಡುತ್ತೇನೆ. ಲೈಕ್ ಎಣಿಸಿ ಬಹುಮಾನ ಕೊಡುವ ಯಾವ ಆನ್‌ಲೈನ್ ಸ್ಪರ್ಧೆಗೂ ಇನ್ನು ಮೇಲೆ ನನ್ನನ್ನು ತೀರ್ಪಿಗೆ ಕರೆಯಬೇಡಿ. ಕರೆದವರಿಗೆ ಬೇಜಾರಾಗಬಾರದು ಅಂತ ಇಷ್ಟು ದಿನ "ಕರೆಂಟಿಲ್ಲ", "ರೇಂಜ್ ಸಿಗ್ತಿಲ್ಲ" ಅಂತ ನೆಪ ಹೇಳುತ್ತಿದ್ದೆ. ಮಡಿಕೇರಿಯ ಮಳೆಗಾಲದಲ್ಲಿ ಅದು ಪೂರ್ತಿ ನೆಪವೂ ಅಲ್ಲ ಬಿಡಿ. ಆದರೆ ಈ ಸಲದ ಸ್ಪರ್ಧೆ ಮುಗಿದ ಮೇಲೆ ಕಾರಣವನ್ನೇ ಹೇಳಬೇಕು ಅನ್ನಿಸಿತು.

ಮಕ್ಕಳಿಗೆ ಚಿತ್ರ ಮತ್ತು ಕತೆ ಹೇಳುವ ಸ್ಪರ್ಧೆ. ವಿಷಯ, ಮಳೆಗಾಲದ ನಮ್ಮೂರು. ನಡೆಸಿದವರ ಹೆಸರು ಬೇಡ, ಒಳ್ಳೆಯ ಮನಸ್ಸಿನಿಂದಲೇ ನಡೆಸಿದ್ದಾರೆ. ನಿಯಮ ಏನಿತ್ತೆಂದರೆ, ಮೂವರು ತೀರ್ಪುಗಾರರು ತಲಾ 50ಕ್ಕೆ ಹಾಕಿದ್ದನ್ನು ಕೂಡಿ 60ಕ್ಕೆ ಇಳಿಸಿದ ಅಂಕ, ಲೈಕಿಗೆ 40. ಅತಿ ಹೆಚ್ಚು ಲೈಕ್ ಬಂದ ಮಗುವಿಗೆ ಪೂರ್ತಿ 40, ಉಳಿದವರಿಗೆ ಅದರ ಲೆಕ್ಕದಲ್ಲಿ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಕಾಗದದ ಮೇಲೆ ಹಾಕಿ ನೋಡಿ. ಒಂದು ಮಗುವಿಗೆ 1200 ಲೈಕ್ ಬಂತು ಅಂದುಕೊಳ್ಳಿ, ಇನ್ನೊಂದಕ್ಕೆ 60. ಮೊದಲನೆಯದಕ್ಕೆ 40 ಅಂಕ, ಎರಡನೆಯದಕ್ಕೆ 2. ನಾವು ಮೂವರು ತಲೆ ಕೆಡಿಸಿಕೊಂಡು ಆ ಎರಡನೇ ಮಗುವಿಗೆ 60ಕ್ಕೆ 60 ಕೊಟ್ಟರೂ ಒಟ್ಟು 62. ಮೊದಲನೆಯದಕ್ಕೆ ಸುಮಾರಾಗಿ 25 ಕೊಟ್ಟರೂ 65. ಹಾಗಾದರೆ ನಾವು ಕೂತು ನೋಡಿದ್ದು ಏನನ್ನು?

ಆ 1200 ಜನ ಯಾರು ಅಂತ ನಮಗೆಲ್ಲ ಗೊತ್ತು. ಮನೆತನದ ಗ್ರೂಪು, ತಾಯಿ ಮನೆಯ ಗ್ರೂಪು, ಅಪ್ಪನ ಕಾಲೇಜಿನ ಗ್ರೂಪು, ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಆಫೀಸಿನ ಗ್ರೂಪು. "ನಮ್ಮ ಪಾಪುಗೆ ಒಂದು ಲೈಕ್ ಒತ್ತಿ" ಅಂತ ಬೆಳಿಗ್ಗೆ ಬಂದರೆ ಯಾರಾದರೂ ಚಿತ್ರ ನೋಡಿ ಒತ್ತುತ್ತಾರೆಯೇ? ನಾನೂ ಒತ್ತುತ್ತೇನೆ, ಸಂಬಂಧ ಕೆಡಬಾರದಲ್ಲ. ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ, ಇರುವ ಹುಡುಗನ ಹತ್ತಿರ ಇರುವುದು ಅಪ್ಪನ ಒಂದು ಫೋನು. ಅದೂ ಸಂಜೆ ಅಪ್ಪ ಕೆಲಸ ಬಿಟ್ಟು ಬಂದ ಮೇಲೆ, ರೀಚಾರ್ಜ್ ಇದ್ದರೆ. ಅವನು ಯಾರಿಗೆ ಕಳಿಸಬೇಕು? ಲಾಕ್‌ಡೌನ್ ಹೊತ್ತಿನಲ್ಲಿ ನೆಟ್‌ವರ್ಕಿಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ ಮೇಷ್ಟ್ರು ನಮ್ಮ ಸೋಮವಾರಪೇಟೆ ತಾಲ್ಲೂಕಿನವರು. ಅಂಥ ಜಿಲ್ಲೆಯಲ್ಲಿ ಲೈಕಿಗೆ 40 ಅಂಕ ಇಡುವುದು ಅಂದರೆ ಟವರಿಗೆ ಅಂಕ ಕೊಟ್ಟ ಹಾಗೆ.

"ಜನರ ಮೆಚ್ಚುಗೆಗೂ ಬೆಲೆ ಬೇಡವೇ ಮೇಡಂ?" ಅಂತ ಸಂಘಟಕರೊಬ್ಬರು ಕೇಳಿದರು. ಬೇಕು. ನಮ್ಮ ಮಡಿಕೇರಿ ದಸರಾವನ್ನೇ ನೋಡಿ. ವಿಜಯದಶಮಿ ರಾತ್ರಿ ಹತ್ತು ಮಂಟಪ, ಅಂದರೆ ಪುರಾಣದ ಕತೆ ತೋರಿಸುವ ಚಲಿಸುವ ದೃಶ್ಯಗಳು, ಹೊರಡುತ್ತವೆ, ರಸ್ತೆಯ ಎರಡೂ ಕಡೆ ಜನಸಾಗರ, ರಾಕ್ಷಸ ಬಾಯಿ ತೆರೆದು ಹೊಗೆ ಬಿಟ್ಟರೆ ಶಿಳ್ಳೆಯೋ ಶಿಳ್ಳೆ. ಆದರೆ ಯಾವ ಮಂಟಪಕ್ಕೆ ಶಿಳ್ಳೆ ಜಾಸ್ತಿ ಬಿತ್ತು ಅಂತ ಎಣಿಸಿ ಯಾರೂ ಬಹುಮಾನ ಕೊಡುವುದಿಲ್ಲ. ತೀರ್ಪುಗಾರರು ನಿದ್ದೆಗೆಟ್ಟು, ಚಳಿಯಲ್ಲಿ, ಒಂದೊಂದರ ಮುಂದೆಯೂ ನಿಂತು ನೋಡುತ್ತಾರೆ. ಫಲಿತಾಂಶದ ಮೇಲೆ ಜಗಳವೂ ಆಗುತ್ತದೆ, ಅದು ಬೇರೆ ಮಾತು. ಆದರೆ ಆ ಜಗಳ "ನಮ್ಮ ಮಂಟಪವನ್ನು ಸರಿಯಾಗಿ ನೋಡಲಿಲ್ಲ" ಅಂತ ಇರುತ್ತದೆಯೇ ಹೊರತು "ನಮಗೆ ನೆಂಟರು ಕಡಿಮೆ" ಅಂತಲ್ಲ. ಲೈಕ್ ಬೇಕೇ ಬೇಕಿದ್ದರೆ ಅದಕ್ಕೊಂದು ಪ್ರತ್ಯೇಕ ಬಹುಮಾನ ಇಡಿ, "ಜನಮೆಚ್ಚಿದ ಚಿತ್ರ" ಅಂತ. ತೀರ್ಪಿನ ಅಂಕದ ಜೊತೆ ಕೂಡಬೇಡಿ.

ಸರಿ, ಲೈಕ್ ತೆಗೆದುಬಿಟ್ಟರು ಅಂತಲೇ ಇಟ್ಟುಕೊಳ್ಳೋಣ. ತೀರ್ಪು ತಾನಾಗಿ ನೆಟ್ಟಗಾಗುತ್ತದೆಯೇ? ಇಲ್ಲ. ನಿಜವಾದ ತೊಂದರೆ ನಮ್ಮ ಕಡೆಯೇ ಇದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಕಾಯಿ ಒಡೆಯಿತು ಇಲ್ಲವೇ ಒಡೆಯಲಿಲ್ಲ, ವಾದಕ್ಕೆ ಜಾಗವೇ ಇಲ್ಲ. ಚಿತ್ರ, ಕತೆ ಹಾಗಲ್ಲ. ನೋಡುವವರ ಮನಸ್ಸು ಅದರೊಳಗೆ ಬಂದೇ ಬರುತ್ತದೆ. ಬರಬಾರದ್ದು ಎಷ್ಟು ಬರುತ್ತದೆ ಅನ್ನುವುದಷ್ಟೇ ನಮ್ಮ ಕೈಲಿರುವುದು.

ಮೊದಲನೆಯದಾಗಿ ಹೆಸರು. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ಬೆಂಗಳೂರಿನ ಒಂದು ಮೂಲೆಯಷ್ಟು. ಇಲ್ಲಿ ಹೆಸರಿನ ಹಿಂದೆ ಮನೆಹೆಸರು ಬಂದರೆ ಸಾಕು, ಯಾವ ಊರು, ಯಾವ ಸಮಾಜ, ಯಾರ ಮೊಮ್ಮಗಳು, ತೋಟ ಎಷ್ಟು ಎಕರೆ, ಎಲ್ಲ ತೀರ್ಪುಗಾರರ ತಲೆಗೆ ಬಂದುಬಿಡುತ್ತದೆ. ಯಾರೂ ಬೇಕೆಂದೇ ಮೋಸ ಮಾಡಬೇಕಾಗಿಲ್ಲ. "ಓ, ಅವರ ಮಗುವಾ, ಚೆನ್ನಾಗಿ ಓದುತ್ತೆ" ಅನ್ನುವ ಒಂದು ಯೋಚನೆ ಸಾಕು, ಎರಡು ಅಂಕ ಆಚೀಚೆ. ಕನ್ನಡದ ಪತ್ರಿಕೆಗಳ ಕಥಾಸ್ಪರ್ಧೆಗೆ ಬರೆದವರಿಗೆಲ್ಲ ಗೊತ್ತಿರುವ ನಿಯಮ: ಕತೆಯ ಪುಟದಲ್ಲಿ ಹೆಸರಿರಬಾರದು, ಹೆಸರು ವಿಳಾಸ ಬೇರೆ ಹಾಳೆಯಲ್ಲಿ. ಅಂಚೆಯ ಕಾಲದಲ್ಲಿ ಪಾಲಿಸುತ್ತಿದ್ದ ಈ ಸಣ್ಣ ಶಿಸ್ತು ಆನ್‌ಲೈನಿಗೆ ಬಂದ ಕೂಡಲೇ ಮಾಯವಾಗಿದೆ. ನಮಗೆ ಬಂದ ಫೈಲುಗಳಲ್ಲಿ ಮಗುವಿನ ಹೆಸರು, ಶಾಲೆ, ಅಪ್ಪನ ಹೆಸರು, ಜೊತೆಗೆ ಮಗು ಚಿತ್ರ ಹಿಡಿದು ನಗುತ್ತಿರುವ ಫೋಟೋ! ಸಂಘಟಕರಲ್ಲಿ ಒಬ್ಬರು ಕೂತು ಪ್ರತಿ ಚಿತ್ರಕ್ಕೂ ಒಂದು ನಂಬರ್ ಹಾಕಿ ಕಳಿಸಿದರೆ ಮುಗಿಯಿತು. ಕತೆ ಹೇಳುವ ವಿಡಿಯೋದಲ್ಲಿ ಮುಖ ಕಾಣಲೇಬೇಕು, ಅಲ್ಲಿ ಹೆಸರು ಮುಚ್ಚುವುದು ಅರ್ಧ ಸಾಧ್ಯ. ಅರ್ಧವಾದರೂ ಮಾಡಿ.

ಎರಡನೆಯದು ಕಣ್ಣಿಗೆ ಬೀಳುವ ಅಂದ. ಈ ಸಲದ ಎರಡು ಚಿತ್ರ ಹೇಳುತ್ತೇನೆ. ಒಂದರಲ್ಲಿ ಬೆಟ್ಟದ ಸಾಲು, ಮುಂದೆ ಕೊಡೆ ಹಿಡಿದ ಹುಡುಗಿ, ನೀರಲ್ಲಿ ಅವಳ ನೆರಳು. ಆಯಿಲ್ ಪೇಸ್ಟಲ್ಲನ್ನು ಬೆರಳಿನಿಂದ ಎಷ್ಟು ನಯವಾಗಿ ತಿಕ್ಕಿದ್ದಾರೆಂದರೆ ಒಂದು ಗೆರೆ ಕಾಣುವುದಿಲ್ಲ. ನಾನು ಡ್ರಾಯಿಂಗ್ ಟೀಚರ್, ಆ ಕೊಡೆ ಹುಡುಗಿಯನ್ನು ಯೂಟ್ಯೂಬಿನಲ್ಲಿ ಎಷ್ಟು ಸಲ ನೋಡಿದ್ದೇನೋ ನನಗೇ ಲೆಕ್ಕವಿಲ್ಲ. ಕೊಡಗಿನ ಮಳೆ ಅದರಲ್ಲಿ ಎಲ್ಲೂ ಇಲ್ಲ. ಇನ್ನೊಂದು ನೋಟ್‌ಬುಕ್ ಹಾಳೆ, ಸ್ಕೆಚ್ ಪೆನ್ನು. ಹಾಳೆಯ ಅರ್ಧ ಭಾಗ ಒಂದು ನೀಲಿ ಟಾರ್ಪಾಲು. ಕಾಫಿ ಕಣದ ಮೂಲೆಯಲ್ಲಿ ಸೌದೆ ರಾಶಿಗೆ ಹೊದಿಸಿದ್ದು, ಗಾಳಿಗೆ ಹಾರದಂತೆ ಮೇಲೆ ಒಂದು ಹಳೇ ಟೈರು, ಎರಡು ಹಂಚು, ಒಂದು ಕಲ್ಲು. ಟಾರ್ಪಾಲಿನ ಮಡಿಕೆಯಲ್ಲಿ ನಿಂತ ನೀರನ್ನು ಕೋಳಿ ಕುಡಿಯುತ್ತಿದೆ. ಕೋಳಿಯ ಕಾಲು ಸರಿಯಾಗಿಲ್ಲ, ಒಪ್ಪುತ್ತೇನೆ. ಆದರೆ ಮಳೆಗಾಲದಲ್ಲಿ ಇಲ್ಲಿ ಇರುವವರಿಗೆ ಮಾತ್ರ ಬರುವ ಚಿತ್ರ ಅದು. ಆ ಟೈರನ್ನು ಯಾವ ವಿಡಿಯೋವೂ ಹೇಳಿಕೊಡುವುದಿಲ್ಲ. ನಮಗೆ ಕೊಟ್ಟ ಅಂಕಪಟ್ಟಿಯಲ್ಲಿ "ಅಚ್ಚುಕಟ್ಟು" 20, "ಬಣ್ಣಗಾರಿಕೆ" 20, "ಹೊಸತನ" 10. ಪಟ್ಟಿ ಮಾಡುವಾಗಲೇ ಕೊಡೆ ಹುಡುಗಿ ಗೆದ್ದಾಗಿತ್ತು. ವಿಷಯ "ಮಳೆಗಾಲದ ನಮ್ಮೂರು" ಅಂತ ಕೊಟ್ಟ ಮೇಲೆ ಮಳೆಗೂ ಊರಿಗೂ ಅಂಕ ಇರಬೇಡವೇ?

ಕತೆಯ ಪಟ್ಟಿ ಇನ್ನೂ ತಮಾಷೆ. ಉಚ್ಚಾರಣೆ 20, ಹಾವಭಾವ 15, ವೇಷಭೂಷಣ 10, ಕತೆ 5. ಕತೆ ಹೇಳುವ ಸ್ಪರ್ಧೆಯಲ್ಲಿ ಕತೆಗಿಂತ ಪಂಚೆ ಶಲ್ಯಕ್ಕೆ ಎರಡರಷ್ಟು! ತಿತಿಮತಿ ಕಡೆಯ ಆದಿವಾಸಿ ಹಾಡಿಯೊಂದರ ಹುಡುಗಿ ಯೂನಿಫಾರ್ಮಿನಲ್ಲೇ ನಿಂತು, ಶೀಟಿನ ಮೇಲೆ ಬೀಳುವ ಮಳೆ ಸದ್ದಿನ ನಡುವೆ ಕತೆ ಹೇಳಿದಳು. "ಆನೆ ಬಂದದ್ದು ಮೊದಲು ನಾಯಿಗೆ ಗೊತ್ತು, ಆಮೇಲೆ ಅಜ್ಜಿಗೆ, ಕೊನೆಗೆ ಫಾರೆಸ್ಟಿನವರಿಗೆ." ಇಡೀ ಸ್ಪರ್ಧೆಯಲ್ಲಿ ನಾನು ಜೋರಾಗಿ ನಕ್ಕಿದ್ದು ಅದೊಂದೇ ಸಾಲಿಗೆ. ಜೊತೆಯ ತೀರ್ಪುಗಾರರೊಬ್ಬರು ಅವಳ ಹೆಸರಿನ ಮುಂದೆ "ಕನ್ನಡ ಶುದ್ಧವಿಲ್ಲ" ಅಂತ ಬರೆದರು. ಯಾರ ಕನ್ನಡ ಸ್ವಾಮಿ? ಕೊಡವ ತಕ್ಕ್, ಅರೆಭಾಷೆ ಎರಡಕ್ಕೂ ಅಕಾಡೆಮಿ ಇರುವ ಊರು ನಮ್ಮದು. ತುಳು, ಮಲಯಾಳ, ಬ್ಯಾರಿ, ಯರವರ ಮಾತು, ಜೇನುಕುರುಬರ ಮಾತು, ಇಷ್ಟನ್ನೂ ಮನೆಯಲ್ಲಿ ಬಿಟ್ಟು ಶಾಲೆಗೆ ಬಂದು ಕನ್ನಡ ಕಲಿತ ಮಕ್ಕಳು. ಆ ಮನೆಮಾತಿನ ಎಳೆ ಕನ್ನಡದಲ್ಲಿ ಕೇಳಿಸಿಯೇ ಕೇಳಿಸುತ್ತದೆ. ಉಚ್ಚಾರಣೆಗೆ 20 ಅಂಕ ಇಟ್ಟರೆ ಮೈಸೂರಿನಿಂದ ಬಂದು ನೆಲೆಸಿದ ಮನೆಯ ಮಗು ಬಾಯಿ ತೆರೆಯುವ ಮೊದಲೇ ಮುಂದಿರುತ್ತದೆ. ಕೇಳುವವರಿಗೆ ಅರ್ಥವಾಯಿತೇ, ಮುಂದೇನಾಯಿತು ಅನ್ನುವ ಆಸೆ ಹುಟ್ಟಿತೇ, ಅದನ್ನು ನೋಡಿ ಅಂಕ ಹಾಕಿ.

ಇನ್ನು ಅಂಕ ಕೂಡುವ ಲೆಕ್ಕ. ಇದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಒಬ್ಬರು 50ಕ್ಕೆ ಎಲ್ಲರಿಗೂ 34ರಿಂದ 38ರೊಳಗೆ ಕೊಡುವವರು. ಇನ್ನೊಬ್ಬರೂ ಹಾಗೇ. ಮೂರನೆಯವರು 12ರಿಂದ 47ರವರೆಗೆ ಓಡಾಡುವವರು. ಒಂದು ಮಗುವಿಗೆ 38, 37, 25 ಬಂತು, ಒಟ್ಟು 100. ಇನ್ನೊಂದಕ್ಕೆ 35, 34, 45, ಒಟ್ಟು 114. ಇಬ್ಬರು ತೀರ್ಪುಗಾರರು ಮೊದಲನೆಯದೇ ಚೆಂದ ಅಂದರು, ಆದರೂ ಗೆದ್ದದ್ದು ಎರಡನೆಯದು. ಮೂರನೆಯವರೊಬ್ಬರೇ ಇಡೀ ಸ್ಪರ್ಧೆ ತೀರ್ಮಾನಿಸಿಬಿಟ್ಟರು, ಅವರಿಗೇ ಗೊತ್ತಿಲ್ಲದೆ. ಒಲಿಂಪಿಕ್ಸಿನ ವೈಯಕ್ತಿಕ ಡೈವಿಂಗಿನಲ್ಲಿ ಏಳು ಜನ ತೀರ್ಪುಗಾರರು, ಮೇಲಿನ ಎರಡು, ಕೆಳಗಿನ ಎರಡು ಅಂಕ ಬಿಸಾಕಿ ನಡುವಿನ ಮೂರನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮಲ್ಲಿ ಇರುವುದೇ ಮೂವರು, ಬಿಸಾಕಿದರೆ ಉಳಿಯುವುದೇನು? ಅದಕ್ಕೆ ಸುಲಭದ ದಾರಿ, ಅಂಕದ ಬದಲು ಸ್ಥಾನ ಬರೆಸುವುದು. ಪ್ರತಿಯೊಬ್ಬರೂ ತಮ್ಮ ಮೊದಲ ಹತ್ತನ್ನು ಸಾಲಾಗಿ ಬರೆದುಕೊಡಲಿ, ಆ ಸ್ಥಾನಗಳನ್ನು ಕೂಡಿ. ಆಮೇಲೆ ಕೊನೆಗೆ ಉಳಿದ ನಾಲ್ಕೈದರ ಬಗ್ಗೆ ಫೋನಿನಲ್ಲಿ ಮಾತಾಡಿ. ಜಗಳವಾಡಿ ಬೇಕಾದರೆ.

ನೋಡುವ ಸರದಿಯೂ ಸಣ್ಣ ಸಂಗತಿಯಲ್ಲ. ಬ್ರಸೆಲ್ಸಿನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯ ಪಿಯಾನೋ ಫಲಿತಾಂಶಗಳನ್ನು ಅರ್ಥಶಾಸ್ತ್ರಜ್ಞರಿಬ್ಬರು ಹಿಂದೆ ಪರಿಶೀಲಿಸಿದ್ದರು. ಅಲ್ಲಿ ಯಾರು ಯಾವತ್ತು ನುಡಿಸಬೇಕು ಅನ್ನುವುದು ಚೀಟಿ ಎತ್ತಿ ನಿರ್ಧಾರವಾಗುತ್ತದೆ. ಆದರೂ ವಾರದ ಕೊನೆಗೆ ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವುದು ಹೆಚ್ಚು ಅಂತ ಕಂಡುಬಂತು. ಅಂಥ ಘಟಾನುಘಟಿಗಳಿಗೇ ಹಾಗಾದರೆ, ಅಡುಗೆ ಮಾಡಿ ಮುಗಿಸಿ ರಾತ್ರಿ ಹತ್ತರ ಮೇಲೆ ಫೋನ್ ಹಿಡಿದು ವಿಡಿಯೋ ನೋಡುವ ನನ್ನಂಥವರ ಗತಿ? ಮೂವರೂ ಒಂದೇ ಸಾಲಿನಲ್ಲಿ ನೋಡಬಾರದು. ಒಬ್ಬರು ಮೇಲಿನಿಂದ, ಒಬ್ಬರು ಕೆಳಗಿನಿಂದ, ಒಬ್ಬರು ನಡುವಿನಿಂದ ಶುರುಮಾಡಲಿ. ವಿಡಿಯೋವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುವ ತೀರ್ಪುಗಾರರೂ ಇದ್ದಾರೆ. ಕತೆ ಹೇಳುವವರು ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದೇ ಅರ್ಧ ಕತೆ, ಅದನ್ನೇ ಕತ್ತರಿಸಿ ನೋಡಿದರೆ ಏನು ನೋಡಿದ ಹಾಗಾಯಿತು?

ಎಐ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. 2022ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಜಾತ್ರೆಯಲ್ಲಿ ಜೇಸನ್ ಅಲೆನ್ ಅನ್ನುವವರು ಮಿಡ್‌ಜರ್ನಿ ಎಂಬ ಎಐ ತಂತ್ರಾಂಶದಿಂದ ಮಾಡಿಸಿದ ಚಿತ್ರಕ್ಕೆ ಡಿಜಿಟಲ್ ವಿಭಾಗದ ಮೊದಲ ಬಹುಮಾನ ಬಂತು. ಮಿಡ್‌ಜರ್ನಿ ಅಂತ ಅವರೇ ಬರೆದುಕೊಟ್ಟಿದ್ದರು, ಅದೇನೆಂದು ತೀರ್ಪುಗಾರರಿಗೆ ಗೊತ್ತಿರಲಿಲ್ಲ ಅಷ್ಟೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಸೋನಿ ಫೋಟೋ ಪ್ರಶಸ್ತಿ ಗೆದ್ದು, ಇದು ಎಐ ಚಿತ್ರ ಅಂತ ತಾವೇ ಹೇಳಿ ಪ್ರಶಸ್ತಿ ಬೇಡ ಅಂದರು. 2024ರಲ್ಲಿ ಇನ್ನೂ ಮಜಾ: ಮೈಲ್ಸ್ ಆಸ್ಟ್ರೇ ಎಂಬ ಫೋಟೋಗ್ರಾಫರ್ ತಾವು ತೆಗೆದ ನಿಜವಾದ ಫ್ಲೆಮಿಂಗೊ ಫೋಟೋವನ್ನು ಇನ್ನೊಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿ ಬಹುಮಾನ ಗೆದ್ದರು, ನಿಜ ಹೇಳಿದ ಮೇಲೆ ಅನರ್ಹರಾದರು. ಅಂದರೆ ನೋಡಿಯೇ ಹಿಡಿಯುತ್ತೇನೆ ಅನ್ನುವ ಜಂಬ ಯಾರಿಗೂ ಬೇಡ. ನಮ್ಮ ಮಟ್ಟಿಗೆ ನಾನು ಕೇಳುವುದು ಇಷ್ಟೇ, ಅರ್ಧ ಮುಗಿದ ಚಿತ್ರದ ಒಂದು ಫೋಟೋ. ಮೇಜು ಕಾಣಲಿ, ಉಜ್ಜಿದ ರಬ್ಬರಿನ ಪುಡಿ ಕಾಣಲಿ. ಅನುಮಾನ ಬಂದರೆ ಮಗುವಿಗೆ ಫೋನ್ ಮಾಡಿ "ಈ ಮನೆ ಯಾರದ್ದು ಮಗಾ?" ಅಂತ ಕೇಳಿ. ಬಿಡಿಸಿದ ಮಗು ಮಾತು ನಿಲ್ಲಿಸುವುದೇ ಇಲ್ಲ. ಅಂದಹಾಗೆ, ಮಕ್ಕಳಿಗಿಂತ ಅಪ್ಪ ಅಮ್ಮಂದಿರ ಕೈಚಳಕವೇ ನಮ್ಮಲ್ಲಿ ಹಳೆಯ ಎಐ.

ಇಷ್ಟೆಲ್ಲ ಸರಿಮಾಡಿದರೂ ಒಂದು ಉಳಿಯುತ್ತದೆ, ನನಗೆ ಅದೇ ದೊಡ್ಡದು. ಕಾರಣ. ಫಲಿತಾಂಶ ಅಂತ ಮೂರು ಹೆಸರಿನ ಪೋಸ್ಟರ್ ಹಾಕಿ, ಬಣ್ಣಬಣ್ಣದ ಪ್ರಮಾಣಪತ್ರ ಕಳಿಸಿ, "ತೀರ್ಪುಗಾರರ ತೀರ್ಮಾನವೇ ಅಂತಿಮ" ಅಂತ ಕೆಳಗೆ ಬರೆದರೆ ಮುಗಿದುಹೋಯಿತೇ? ಅಂತಿಮ ಆಗಲಿ, ಬೇಡ ಅನ್ನುವುದಿಲ್ಲ. ಯಾಕೆ ಅಂತ ಹೇಳಿ. ಪ್ರತಿ ಮಗುವಿಗೆ ಎರಡು ಸಾಲು ಸಾಕು. "ನಿನ್ನ ಟಾರ್ಪಾಲು ತುಂಬಾ ಚೆನ್ನಾಗಿದೆ, ಕೋಳಿಯನ್ನು ಅಂಗಳದಲ್ಲಿ ಕೂತು ಇನ್ನೊಂದು ಸಲ ನೋಡು" ಅಂತ. ಹಾಗೆ ಬರೆಯಬೇಕು ಅಂದರೆ ತೀರ್ಪುಗಾರರು ಚಿತ್ರವನ್ನು ನೋಡಲೇಬೇಕಾಗುತ್ತದೆ, ಅಂದಾಜಿಗೆ 36 ಅಂತ ಹಾಕಿ ಕೈ ತೊಳೆದುಕೊಳ್ಳುವುದಕ್ಕೆ ಆಗುವುದಿಲ್ಲ. "ಇನ್ನೂರು ಮಕ್ಕಳಿಗೆ ಬರೆಯುವುದು ಯಾರು?" ಅಂದರೆ, ಇನ್ನೂರು ಮಕ್ಕಳನ್ನು ಕರೆದವರು ಯಾರು? ಬರೆಯುವ ಜನ ಇದ್ದಷ್ಟೇ ಮಕ್ಕಳನ್ನು ಕರೆಯಿರಿ. ಇಲ್ಲವೇ ತೀರ್ಪುಗಾರರನ್ನು ಹೆಚ್ಚಿಸಿ, ಅವರಿಗೆ ಒಂದು ಶಾಲು ಹಣ್ಣಿನ ಬುಟ್ಟಿಗಿಂತ ಸ್ವಲ್ಪ ಹೆಚ್ಚೇ ಕೊಡಿ. ಪುಕ್ಕಟೆ ತೀರ್ಪಿಗೆ ಪುಕ್ಕಟೆಯ ಗಮನವೇ ಸಿಗುವುದು. ಇದನ್ನು ಹೇಳಿದರೆ ದುಡ್ಡಿನ ಆಸೆ ಅನ್ನುತ್ತಾರೆ, ಅನ್ನಲಿ.

ದಸರಾ ರಜೆಗೆ ಒಂದಿಷ್ಟು ಸಂಘದವರು ಮತ್ತೆ ಸ್ಪರ್ಧೆ ಇಡುತ್ತಾರೆ ಅಂತ ಗೊತ್ತು. ನನ್ನನ್ನು ಕರೆಯುವುದಾದರೆ ಮೂರು ಷರತ್ತು: ಲೈಕಿನ ಅಂಕ ಇರಬಾರದು, ಫೈಲಿನಲ್ಲಿ ಹೆಸರಿರಬಾರದು, ಅಂಕಪಟ್ಟಿಯನ್ನು ನಿಯಮದ ಜೊತೆಗೇ ಮಕ್ಕಳಿಗೆ ಕೊಟ್ಟಿರಬೇಕು. ನಾನು ಬಳಸುವ ಪಟ್ಟಿ ಒಂದು ಪುಟದ್ದು, ಬೇಕಾದವರು ಮೆಸೇಜ್ ಮಾಡಿ, ಕಳಿಸುತ್ತೇನೆ. ವೇಷಭೂಷಣಕ್ಕೆ ಅದರಲ್ಲಿ ಅಂಕವಿಲ್ಲ, ಆಮೇಲೆ ಕೇಳಬೇಡಿ.